ಬಾಗಿಲು ತೆರೆದರಷ್ಟೇ ಸಾಲದು

ನಮ್ಮ ಗಡಿಭಾಗದ ಊರುಗಳಲ್ಲಿ ಮನೆಗೆ ಬಂದವರ ಕೈಗೆ ಮೊದಲು ನೀರಿನ ತಂಬಿಗೆ ಕೊಡುವುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಕಬ್ಬಿನ ಸೀಮೆಯಾದುದರಿಂದ ನೀರಿನೊಡನೆ ಒಂದು ಚೂರು ಬೆಲ್ಲವೂ ಬರುತ್ತದೆ. ಬಂದವರು ಯಾರು, ಯಾವ ಕೆಲಸಕ್ಕೆ ಬಂದರು ಎಂಬ ವಿಚಾರಣೆ ಅನಂತರದ ಮಾತು. ಬಾಗಿಲು ತೆರೆದಿದ್ದು, ಒಳಗೆ ಜನರಿದ್ದು, ಯಾರೊಬ್ಬರೂ ಮಾತನಾಡಿಸದೆ ಹಿಂದಿರುಗಿದವನಿಗೆ ಆಗುವ ನೋವು ಮುಚ್ಚಿದ ಬಾಗಿಲನ್ನು ಕಂಡು ಹಿಂದಿರುಗಿದವನಿಗೆ ಆಗುವುದಿಲ್ಲ.

ಗಣಕಯಂತ್ರದ ಲೋಕದಲ್ಲಿಯೂ ಇಂಥದೊಂದು ತೆರೆದ ಬಾಗಿಲು ಇದೆ. ಅದನ್ನು ಮುಕ್ತ ತಂತ್ರಾಂಶ ಎಂದು ಕರೆಯುತ್ತಾರೆ. ಮಠದಲ್ಲಿ ವ್ಯಾಕರಣ, ಷಟ್‌ಸ್ಥಲಗಳನ್ನು ಓದಿ ಬೆಳೆದ ನಮಗೂ ಅದಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಉಂಟು. ಆ ಬಾಗಿಲಿಗೆ ಬಂದ ಒಬ್ಬ ತರುಣನನ್ನು ಹಿಂದಿರುಗಿಸಿದ ತಪ್ಪು ನಮ್ಮಿಂದಲೇ ನಡೆದಿದೆ. ಅದನ್ನು ಹೇಳುವ ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಡುಗೆಯೊಡನೆ ವಿಧಾನವನ್ನೂ ಕೊಡುವುದು

ಜಾತ್ರೆಯ ದಾಸೋಹದಲ್ಲಿ ಗೋದಿ ಹುಗ್ಗಿ ಬಡಿಸುತ್ತಾರೆ. ಉಂಡವರು ತೃಪ್ತರಾಗಿ ಹೋಗುತ್ತಾರೆ. ಅಡುಗೆಯವರು ಹುಗ್ಗಿಯೊಡನೆ ಅದನ್ನು ಮಾಡುವ ವಿಧಾನವನ್ನೂ ಬರೆದು ಕೊಟ್ಟು, "ನಿಮ್ಮ ಮನ್ಯಾಗೂ ಮಾಡ್ರಿ, ಬೇಕಾದರ ಬೆಲ್ಲ ಹೆಚ್ಚು ಕಡಿಮಿ ಮಾಡ್ರಿ, ಊರಿಗೆಲ್ಲಾ ಹಂಚ್ರಿ, ಆದರ ಹಂಚುವಾಗ ನೀವು ಮಾಡಿದ ವಿಧಾನಾನೂ ಕೂಡೇ ಕೊಡ್ರಿ" ಎಂದರೆ ಹೇಗೋ, ಮುಕ್ತ ತಂತ್ರಾಂಶವೂ ಹಾಗೆಯೇ. ಸಾಮಾನ್ಯವಾಗಿ ಮಾರಾಟಕ್ಕೆ ಬರುವ ತಂತ್ರಾಂಶದಲ್ಲಿ ನಮಗೆ ಸಿದ್ಧ ಅಡುಗೆ ಮಾತ್ರ ಸಿಗುತ್ತದೆ. ಅದರ ಮೂಲ ಬರಹವು ಮಾಡಿದವರ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಮುಕ್ತ ತಂತ್ರಾಂಶದಲ್ಲಿ ಬಳಸುವ, ಓದಿ ತಿಳಿಯುವ, ತಿದ್ದುವ ಮತ್ತು ಹಂಚುವ ನಾಲ್ಕೂ ಸ್ವಾತಂತ್ರ್ಯಗಳು ಎಲ್ಲರಿಗೂ ಇರುತ್ತವೆ.

ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಈ ವಿಚಾರವನ್ನು ಮುಂದಿಟ್ಟು ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ತೆರೆದೇ ಕೊಡಬೇಕೆಂಬ ಅವರ ಪರವಾನಗಿ ಪತ್ರ 1989ರಲ್ಲಿ ಹೊರಬಂದಿತು. 1991ರಲ್ಲಿ ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯು ಲಿನಕ್ಸ್ ಎಂಬುದನ್ನು ಬರೆದು ಲೋಕದ ಮುಂದೆ ತೆರೆದಿಟ್ಟನು. ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲುಗಳ ಒಳಗೂ ಅದೇ ಲಿನಕ್ಸ್ ಕೆಲಸ ಮಾಡುತ್ತಿದೆ.

ವಚನಗಳ ಮಾತು

ಇದು ದೂರದ ದೇಶದ ಕಥೆ ಎಂದು ಓದುಗರು ಪುಟ ತಿರುವಬಾರದು. ನಮ್ಮ ವಚನ ಸಾಹಿತ್ಯವೇ ಈ ಮಾರ್ಗದಲ್ಲಿ ನಡೆದು ಬಂದಿದೆ.

ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ಮನೆಮನೆಗೆ ಹೋಗಿ ತಾಡೋಲೆಗಳನ್ನು ಕೂಡಿಹಾಕಿದ ಸಂಗತಿ ನಮ್ಮ ಓದುಗರಿಗೆ ಹೊಸದಲ್ಲ. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಅಚ್ಚಾಯಿತು. 1925ರಲ್ಲಿ ಅವರು 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು, ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗಳನ್ನು ಅಪರಿಚಿತ ವಕೀಲರ ಕೈಗೆ ಕೊಟ್ಟ ಮನೆತನಗಳ ಹೆಸರುಗಳನ್ನು ಇಂದು ಯಾರೂ ಬಲ್ಲವರಿಲ್ಲ. ಆದರೆ ಅವರು ಬಾಗಿಲು ತೆರೆಯದಿದ್ದರೆ ನಮಗೆ ವಚನಗಳು ಸಿಗುತ್ತಿರಲಿಲ್ಲ.

ಮುಂದೆ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿತು. ಆದರೆ ಗಣಕಯಂತ್ರಕ್ಕೆ ಬಂದಾಗ ಹೊಸ ತೊಡಕು ಕಾಣಿಸಿತು. ಹಳೆಯ ವಿಧಾನದಲ್ಲಿ ಬೆರಳಚ್ಚು ಮಾಡಿದ ಕನ್ನಡವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಪಾಲಿಗೆ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿತ್ತು. ಒಂದು ಪದವನ್ನು ಹುಡುಕಲು ಹೋದರೆ ಸಿಗುತ್ತಿರಲಿಲ್ಲ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಖಚಿತ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಗೆ ಈ ಬರಹವನ್ನು ಪರಿವರ್ತಿಸುವುದು ಅಗತ್ಯವಾಯಿತು.

2010ರ ದಶಕದಲ್ಲಿ ಓಂಶಿವಪ್ರಕಾಶ್, ಪವಿತ್ರಾ, ದೇವರಾಜು ಮೊದಲಾದ ತರುಣರು ವಿಮರ್ಶಕ ಓ. ಎಲ್. ನಾಗಭೂಷಣಸ್ವಾಮಿ ಅವರ ಮಾರ್ಗದರ್ಶನದಲ್ಲಿ 'ವಚನ ಸಂಚಯ' ಎಂಬ ಕೆಲಸವನ್ನು ಕೈಗೊಂಡರು. ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ವಚನಗಳು ಅದರಲ್ಲಿ ಹುಡುಕಲು ಬರುವಂತೆ ಕೂಡಿದವು. 'ಕಾಯಕ' ಎಂಬ ಪದವನ್ನು ಯಾವ ಯಾವ ಶರಣರು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದನ್ನು ನಮ್ಮ ಕಾಲದಲ್ಲಿ ತಿಂಗಳುಗಟ್ಟಲೆ ಸಂಪುಟ ತಿರುವಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆವು. ಈಗ ಕ್ಷಣಮಾತ್ರದಲ್ಲಿ ಕಾಣಬಹುದು. ಇಂಥ ಕೆಲಸಕ್ಕೆ ಯಂತ್ರವನ್ನು ಬಲ್ಲವರೂ ಬೇಕು, ವಚನವನ್ನು ಬಲ್ಲವರೂ ಬೇಕು. ಒಬ್ಬರು ಬಲ್ಲದ್ದನ್ನು ಇನ್ನೊಬ್ಬರು ಅರಿಯರು. ಆದುದರಿಂದ ಪರಸ್ಪರ ತಾಳ್ಮೆಯಿಂದ ಕೇಳಿಕೊಳ್ಳದೆ ಕೆಲಸ ಮುಂದೆ ಸಾಗುವುದಿಲ್ಲ.

ನಮ್ಮ ಕೆಂಪು ಶಾಯಿ

ಈಗ ನಮ್ಮ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಪ್ರವಚನಕ್ಕಾಗಿ ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಡಿಪ್ಲೊಮಾ ಓದುತ್ತಿದ್ದ ಒಬ್ಬ ಹುಡುಗ ಪ್ರವಚನ ಮುಗಿದ ಮೇಲೆ ನಾಲ್ಕು ಹಾಳೆಗಳನ್ನು ಹಿಡಿದುಕೊಂಡು ಬಂದನು. ಕಚೇರಿ ಕೆಲಸಕ್ಕೆ ಬಳಸುವ ಒಂದು ಮುಕ್ತ ತಂತ್ರಾಂಶದಲ್ಲಿ ತೆರೆಯ ಮೇಲೆ ಬರುವ ಇಂಗ್ಲಿಷ್ ಸೂಚನೆಗಳನ್ನು ಕನ್ನಡಕ್ಕೆ ತಂದಿದ್ದನು. "ಗುರುಗಳ, ಇದನ್ನ ಕಳಸೂಕಿಂತ ಮೊದಲ ಒಮ್ಮೆ ನೋಡ್ರಿ" ಎಂದನು.

ನಾವು ನೋಡಿದೆವು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವಿಲ್ಲ. ಆಡುಮಾತಿನ ರೂಪಗಳು ಹಾಗೆಯೇ ಬರಹಕ್ಕೆ ಇಳಿದಿವೆ. ನಡುನಡುವೆ ಮರಾಠಿಯ ಛಾಯೆ. ಮಾಡಿದ ಕೆಲಸವನ್ನು ಕಡತದಲ್ಲಿ ಇರಿಸಿಕೋ ಎಂಬ ಸೂಚನೆಗೆ ಅವನು 'ಜೋಪಾನ ಮಾಡು' ಎಂದು ಬರೆದಿದ್ದನು. ನಾವು ಅದನ್ನು ಹೊಡೆದು 'ಸಂರಕ್ಷಿಸು' ಎಂದು ಬರೆದೆವು. ನಾಲ್ಕು ಹಾಳೆಗಳಲ್ಲಿ ಮೂವತ್ತೊಂದು ಕಡೆ ಕೆಂಪು ಶಾಯಿಯ ವೃತ್ತ ಹಾಕಿ, ಎಣಿಸಿ, ಆ ಎಣಿಕೆಯನ್ನು ಕೆಳಗೆ ಬರೆದು, ಸುತ್ತಲಿನ ಹಿರಿಯರ ಎದುರಿಗೇ ಹಿಂದಿರುಗಿಸಿದೆವು. ಕೆಲವರು ನಕ್ಕರು. ನಾವೂ ನಕ್ಕೆವು ಎಂಬುದನ್ನು ಮುಚ್ಚಿಡಬಾರದು.

ಮರುವರ್ಷ ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ ಆ ಹುಡುಗನೇ ಗುರುತಿಸಿ ನಮಸ್ಕರಿಸಿದನು. ಕೆಲಸ ಎಲ್ಲಿಗೆ ಬಂದಿತೆಂದು ಕೇಳಿದೆವು. "ನನ್ನ ಕನ್ನಡ ಶುದ್ಧ ಇಲ್ಲಲ್ರಿ ಗುರುಗಳ, ಅದಕ್ಕ ಬಿಟ್ಟೆನ್ರಿ" ಎಂದನು. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ನಾವು ಹಾಕಿದ ಮೂವತ್ತೊಂದು ವೃತ್ತಗಳಲ್ಲಿ ಬಹುಪಾಲು ಸರಿಯಾದವೇ ಆಗಿದ್ದವು. ಆದರೆ ಹಾಳೆ ಶುದ್ಧವಾಗುವ ಮೊದಲೇ ಬರೆಯುವವನು ಎದ್ದು ಹೋಗಿದ್ದನು. 'ಜೋಪಾನ' ಎಂಬ ಪದವು ನಮ್ಮ ತಾಯಂದಿರ ಬಾಯಲ್ಲಿ ದಿನವೂ ಇರುವ ಪದ, 'ಸಂರಕ್ಷಿಸು' ಎಂಬುದಕ್ಕಿಂತ ಅದೇ ಮೇಲಾಗಿತ್ತು ಎಂಬುದೂ ನಮಗೆ ಆಮೇಲೆ ಹೊಳೆಯಿತು.

ಇಂಥ ತಪ್ಪು ದೊಡ್ಡವರಿಂದಲೂ ಆಗಿದೆ. ಲಿನಕ್ಸ್ ಕಟ್ಟಿದ ಟೋರ್ವಾಲ್ಡ್ಸ್ ಅವರು ಇತರರ ಕೆಲಸವನ್ನು ಅತಿ ಕಟುವಾದ ಮಾತುಗಳಲ್ಲಿ ಹಳಿಯುವುದಕ್ಕೆ ಹೆಸರಾಗಿದ್ದರು. 2018ರ ಸೆಪ್ಟೆಂಬರಿನಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಮೇಲ್ವಿಚಾರಣೆಯಿಂದ ದೂರ ಸರಿದರು. ಅದೇ ಸಮಯದಲ್ಲಿ ಲಿನಕ್ಸ್ ಬಳಗವು ಸದಸ್ಯರು ಪರಸ್ಪರ ಹೇಗೆ ನಡೆದುಕೊಳ್ಳಬೇಕೆಂಬ ಲಿಖಿತ ನಡತೆಯ ಸಂಹಿತೆಯನ್ನು ಅಂಗೀಕರಿಸಿತು. ವಿಕಿಪೀಡಿಯಾ ಎಂಬ ಮುಕ್ತ ವಿಶ್ವಕೋಶದಲ್ಲಿ 'ಹೊಸಬರನ್ನು ಕಚ್ಚಬೇಡಿ' ಎಂಬ ಸೂತ್ರವೇ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾ ಕೂಡ ಹೀಗೆ ಬಂದವರನ್ನು ಉಳಿಸಿಕೊಂಡೇ ಬೆಳೆಯಬೇಕಾದುದು.

ಕೂಡಿಸಿಕೊಳ್ಳುವ ಬಗೆ

ಒಳ್ಳೆಯ ಬಳಗಗಳ ನಡೆಯನ್ನು ವಿಚಾರಿಸಿದಾಗ ನಮಗೆ ನಾಲ್ಕು ಸಂಗತಿಗಳು ತಿಳಿದವು.

ಮೊದಲನೆಯದು, ಹೊಸಬರಿಗೆ ಚಿಕ್ಕ ಕೆಲಸವನ್ನು ಕಾಯ್ದಿರಿಸುವುದು. ಅನುಭವಿಗಳು ತಾವೇ ಐದು ನಿಮಿಷದಲ್ಲಿ ಮಾಡಬಹುದಾದ ಕೆಲಸವನ್ನು ಬೇಕೆಂತಲೇ ಉಳಿಸಿ, 'ಇದು ಹೊಸಬರಿಗೆ' ಎಂದು ಗುರುತು ಹಾಕಿಡುತ್ತಾರೆ. ವಚನ ಸಂಚಯದ ಬಳಗದವರೇ ನಡೆಸಿದ 'ಸಮೂಹ ಸಂಚಯ'ದಲ್ಲಿ ಹಳೆಯ ಕನ್ನಡ ಪುಸ್ತಕಗಳ ಹೆಸರು, ಕರ್ತೃಗಳ ಹೆಸರುಗಳನ್ನು ಕನ್ನಡದಲ್ಲಿ ದಾಖಲಿಸುವ ಕೆಲಸವನ್ನು ಜನರ ಮುಂದಿಟ್ಟರು. ಅದಕ್ಕೆ ತಂತ್ರಾಂಶ ಬರೆಯುವ ವಿದ್ಯೆ ಬೇಕಿರಲಿಲ್ಲ, ಕನ್ನಡ ಓದಲು ಬಂದರೆ ಸಾಕಾಗಿತ್ತು.

ಎರಡನೆಯದು, ಬೇಗನೆ ಉತ್ತರ ಕೊಡುವುದು. ಮೊದಲ ಸಲ ಏನನ್ನಾದರೂ ಕಳಿಸಿದವನು ಉತ್ತರಕ್ಕಾಗಿ ಕಾಯುತ್ತಿರುತ್ತಾನೆ. ತಿಂಗಳುಗಟ್ಟಲೆ ಮೌನವಿದ್ದರೆ ಅವನು ಅದನ್ನು ತಿರಸ್ಕಾರವೆಂದೇ ತಿಳಿಯುತ್ತಾನೆ.

ಮೂರನೆಯದು, ತಿದ್ದುವಾಗ ಕಾರಣ ಹೇಳುವುದು. 'ತಪ್ಪು' ಎಂದು ಬರೆಯುವುದು ಸುಲಭ. ಯಾವುದು ಚೆನ್ನಾಗಿದೆ, ಯಾವುದನ್ನು ಏಕೆ ಬದಲಿಸಬೇಕು ಎಂದು ಎರಡು ಸಾಲು ಬರೆದರೆ ಅವನು ಮುಂದಿನ ಸಲ ತಾನೇ ತಿದ್ದಿಕೊಳ್ಳುತ್ತಾನೆ.

ನಾಲ್ಕನೆಯದು, ಮಾಡಿದವರ ಹೆಸರನ್ನು ಉಳಿಸುವುದು. ಇಂಥ ಕೆಲಸಗಳಲ್ಲಿ ಯಾರು ಯಾವ ದಿನ ಯಾವ ಸಾಲನ್ನು ತಿದ್ದಿದರೆಂಬುದು ಶಾಶ್ವತವಾಗಿ ದಾಖಲಾಗುತ್ತದೆ. ನಮಗೆ ಇಲ್ಲಿ ವಚನಗಳ ಅಂಕಿತ ನೆನಪಾಗುತ್ತದೆ. ಅಂಕಿತದಿಂದ ವಚನ ಯಾರದೆಂದು ಗುರುತಿಸುತ್ತೇವೆ. ಆದರೆ ಬಹುಪಾಲು ಶರಣರು ಅಲ್ಲಿ ಇಟ್ಟದ್ದು ತಮ್ಮ ಹೆಸರನ್ನಲ್ಲ, ತಮ್ಮ ಇಷ್ಟದೈವದ ಹೆಸರನ್ನು. ಗುರುತು ಇರಬೇಕು, ಒಡೆತನದ ಗರ್ವ ಇರಬಾರದು ಎಂಬ ಹದವನ್ನು ಈ ಹೊಸ ಲೋಕವೂ ಅರಸುತ್ತಿದೆ.

ನಮ್ಮ ಐದು ತಾಲ್ಲೂಕುಗಳಿಗೆ ಒಪ್ಪುವ ಕೆಲಸ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಕ್ಕಳು ಎಂಜಿನಿಯರಿಂಗ್ ಓದಿ ಪುಣೆ, ಬೆಂಗಳೂರುಗಳಿಗೆ ಹೋಗುತ್ತಾರೆ. ಅವರು ಅಲ್ಲಿದ್ದೂ, ಮನೆಯಲ್ಲಿರುವವರು ಇಲ್ಲಿದ್ದೂ ಕೂಡಿ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇವೆ.

2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಮುಕ್ತ ನಕಾಶೆ ಇದೆ. ಯಾರು ಬೇಕಾದರೂ ತಮ್ಮ ಊರಿನ ಓಣಿ, ಬಾವಿ, ಶಾಲೆ, ಸೇತುವೆಗಳನ್ನು ಅದರಲ್ಲಿ ಗುರುತಿಸಬಹುದು. 2010ರಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ದೂರ ದೂರದ ದೇಶಗಳ ಸ್ವಯಂಸೇವಕರು ತಮ್ಮ ಮನೆಗಳಲ್ಲಿ ಕುಳಿತು ಆ ದೇಶದ ರಸ್ತೆಗಳನ್ನು ಬಿಡಿಸಿಕೊಟ್ಟರು. ನೆರವಿಗೆ ಹೋದವರಿಗೆ ಅದು ದಾರಿ ತೋರಿತು.

ನಮ್ಮಲ್ಲಿಯೂ ಅದರ ಅಗತ್ಯ ಕಡಿಮೆಯದಲ್ಲ. ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ತುಂಬಿದರೆ ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ರೊಟ್ಟಿ, ಬಟ್ಟೆಗಳನ್ನು ಹೊತ್ತು ಹೊರಗಿನಿಂದ ಬಂದ ವಾಹನಗಳು ದಾರಿ ತಿಳಿಯದೆ ನಿಂತುದನ್ನು ನಾವು ಕಂಡಿದ್ದೇವೆ. ಯಾವ ಸೇತುವೆ ಮೊದಲು ಮುಳುಗುತ್ತದೆ, ಯಾವ ದಾರಿ ಎತ್ತರದಲ್ಲಿದೆ ಎಂಬ ಜ್ಞಾನ ಊರಿನ ಹಿರಿಯರಲ್ಲಿದೆ. ಅದನ್ನು ನಕಾಶೆಗೆ ಏರಿಸುವ ವಿದ್ಯೆ ಮೊಮ್ಮಕ್ಕಳಲ್ಲಿದೆ. ಇಬ್ಬರೂ ಒಂದು ಕಟ್ಟೆಯ ಮೇಲೆ ಕೂಡಬೇಕು.

ಈ ನಕಾಶೆಯಲ್ಲಿ ಒಂದೇ ಊರಿಗೆ ಕನ್ನಡದ ಹೆಸರಿಗೆ ಒಂದು ಸ್ಥಾನ, ಮರಾಠಿಯ ಹೆಸರಿಗೆ ಇನ್ನೊಂದು ಸ್ಥಾನವಿದೆ. ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ನಮ್ಮ ನೆರೆಮನೆಯ ಮರಾಠಿ ಮಾತನಾಡುವ ಹುಡುಗಿಯೂ, ಉರ್ದು ಮಾತನಾಡುವ ಹುಡುಗನೂ ಈ ಕೆಲಸಕ್ಕೆ ಬರಬಹುದು. ಬಂದರೆ ಅವರ ಕನ್ನಡದ ತಪ್ಪುಗಳನ್ನು ಎಣಿಸುವ ಮೊದಲು ನೀರು, ಬೆಲ್ಲ ಕೊಡೋಣ.

ಆ ದಿನ ಬಸ್ ನಿಲ್ದಾಣದಲ್ಲಿ ನಾವು ಹುಡುಗನ ಬಳಿ ತಪ್ಪು ಒಪ್ಪಿಕೊಂಡು, ಆ ಹಾಳೆಗಳನ್ನು ಮತ್ತೆ ತರಲು ಕೇಳಿದೆವು. "ನೋಡೂಣ್ರಿ" ಎಂದು ನಕ್ಕು ಬಸ್ ಹತ್ತಿದನು. ಇದುವರೆಗೆ ಬಂದಿಲ್ಲ. ಆದರೆ ಈಗ ಕಾಲೇಜು ಓದುವ ಇಬ್ಬರು ಹೆಣ್ಣುಮಕ್ಕಳು ರವಿವಾರದಂದು ನಮ್ಮಲ್ಲಿಗೆ ಇಂಥದೇ ಹಾಳೆಗಳನ್ನು ತರುತ್ತಾರೆ. ನಾವು ಕೆಂಪು ಶಾಯಿಯನ್ನು ಬಿಟ್ಟು ಸೀಸದ ಕಡ್ಡಿಯನ್ನು ಹಿಡಿದಿದ್ದೇವೆ. ಮೊದಲು ಚೆನ್ನಾಗಿರುವ ಪದಕ್ಕೆ ಗುರುತು ಹಾಕುತ್ತೇವೆ, ಅನಂತರ ತಿದ್ದುತ್ತೇವೆ. ಒಬ್ಬಳು ಮೊನ್ನೆ, "ಗುರುಗಳ, ಇಲ್ಲಿ ನಿಮ್ಮ ಪದಾ ಬಾಳ ಬಿರುಸ ಆತ್ರಿ" ಎಂದು ನಮ್ಮನ್ನೇ ತಿದ್ದಿದಳು. 'ಜೋಪಾನ ಮಾಡು' ಎಂಬುದು ಅವರ ಹಾಳೆಯಲ್ಲಿ ಹಾಗೆಯೇ ಉಳಿದಿದೆ.

ಈ ಲೇಖನವು ರಾಯಬಾಗ ತಾಲ್ಲೂಕಿನ ಆ ತರುಣನ ಮನೆಗೂ ತಲುಪೀತು. ಓದಿದರೆ ಅವನು ಬರಲಿ, ಹಾಳೆಗಳು ಕಳೆದಿದ್ದರೂ ಬರಲಿ. ಓದುಗರ ಮನೆಗಳಲ್ಲಿ ಇಂಥ ಮಕ್ಕಳಿದ್ದರೆ ಅವರ ಮೊದಲ ಹಾಳೆಯನ್ನು ಮಮತೆಯಿಂದ ನೋಡಬೇಕೆಂದು ತಾಯಂದಿರಲ್ಲಿ, ತಂದೆಯವರಲ್ಲಿ ನಮ್ಮ ವಿನಂತಿ.

ಶರಣು ಶರಣಾರ್ಥಿಗಳು.