ಮಂಡಿನೋವು, ಲಕ್ವ ಮತ್ತು ನಮ್ಮ ಮಕ್ಕಳ ಓದು



ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವವರು ಪ್ರತಿ ಮಸೀದಿಯಲ್ಲೂ ಇದ್ದಾರೆ. ಮಂಡಿನೋವಿಗೆ ಶರೀಅತ್ ಈ ರಿಯಾಯಿತಿ ಕೊಟ್ಟಿದೆ. ಆದರೆ ಚಿಕಿತ್ಸೆ ಪಡೆಯಬೇಕೆಂದೂ ಪ್ರವಾದಿ(ಸ)ರು ಕಲಿಸಿದ್ದಾರೆ. ಸರಿಯಾದ ವ್ಯಾಯಾಮದಿಂದ ಎಷ್ಟೋ ಮಂದಿಯ ನೋವು ತಗ್ಗುತ್ತದೆ. ಅದನ್ನು ಕಲಿಸುವವರೇ ಫಿಸಿಯೋಥೆರಪಿಸ್ಟರು. ಇದು ಬರೀ ಮಾಲೀಶು ಅಲ್ಲ. ನರ, ಸ್ನಾಯು, ಕೀಲುಗಳನ್ನು ಓದಿ ತಿಳಿದು ಮಾಡುವ ಚಿಕಿತ್ಸೆ.

ಲಕ್ವ ಹೊಡೆದವರಿಗೆ ಇದು ತಿಂಗಳುಗಟ್ಟಲೆ ಬೇಕು. ಅರಕಲಗೂಡಿನಿಂದ ಹಾಸನಕ್ಕೆ ಸುಮಾರು 30 ಕಿ.ಮೀ. ದಿನಾ ಬಸ್ಸಿನಲ್ಲಿ ರೋಗಿಯನ್ನು ಕರೆದೊಯ್ಯಲು ಯಾರಿಂದಾದೀತು? ನನ್ನ ತಾಯಿಗೆ ನಾವು ಎರಡೇ ವಾರಕ್ಕೆ ನಿಲ್ಲಿಸಿಬಿಟ್ಟೆವು. ವ್ಯಾಯಾಮ ಮಾಡಿಸಲು ಹೆಣ್ಣುಮಗಳೇ ಬೇಕೆಂದರು, ಸಿಗಲಿಲ್ಲ. ಅವರ ಬಲಗೈ ಮತ್ತೆ ಮೇಲೇಳಲಿಲ್ಲ.

ಓದಿನ ದಾರಿ ಹೀಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಬಿಪಿಟಿ ಪದವಿಗೆ 4 ವರ್ಷದ ಓದು, ಜೊತೆಗೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮುಂದೆ ಓದುವವರಿಗೆ 2 ವರ್ಷದ ಎಂಪಿಟಿ ಇದೆ. ಪ್ರವೇಶದ ನಿಯಮಗಳು ಬದಲಾಗುತ್ತಿವೆ; ನೀಟ್ ಬೇಕೇ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಬೇರೆ ಮಾನ್ಯ ವಿಶ್ವವಿದ್ಯಾಲಯಕ್ಕೋ ಸೇರಿದೆಯೇ ಎಂದು ವಿಚಾರಿಸದೆ ಹಣ ಕಟ್ಟಬೇಡಿ. ಆರು ತಿಂಗಳ ಸರ್ಟಿಫಿಕೇಟಿನಿಂದ ಯಾರೂ ಫಿಸಿಯೋಥೆರಪಿಸ್ಟ್ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ದುಡಿಯಬಹುದು, ಸ್ವಂತ ಕ್ಲಿನಿಕ್ ತೆರೆಯಬಹುದು, ರೋಗಿಗಳ ಮನೆಗೇ ಹೋಗಬಹುದು. ಆರಂಭದ ಸಂಬಳ ಸಾಧಾರಣವೇ. ಅನುಭವ ಬಂದಂತೆ ಕೆಲಸ ಕೈಹಿಡಿಯುತ್ತದೆ.

ಎಂಬಿಬಿಎಸ್ ಸೀಟು ಸಿಗಲಿಲ್ಲವೆಂದು ಮಗಳ ಓದು ನಿಲ್ಲಿಸಬೇಡಿ. ಹೊಳೆನರಸೀಪುರದಲ್ಲೊಬ್ಬಳು, ಚನ್ನರಾಯಪಟ್ಟಣದಲ್ಲೊಬ್ಬಳು ಇದನ್ನು ಓದಿ ಊರಿಗೆ ಮರಳಿದರೆ, ಇನ್‌ಶಾ ಅಲ್ಲಾಹ್, ಎಷ್ಟೋ ತಾಯಂದಿರು ಮತ್ತೆ ಎರಡೂ ಕೈಯೆತ್ತಿ ದುಆ ಮಾಡಿಯಾರು.