‘ನೈಸ್’ ಎಂಬ ಪದದ ನಾನಾರ್ಥಗಳು

ಇಂಗ್ಲಿಷು ಓದಲು ತೊಡಗಿದ ಮಗುವು ಮೊದಮೊದಲು ಕಲಿಯುವ ವಿಶೇಷಣಗಳಲ್ಲಿ ‘ನೈಸ್’ ಎಂಬುದೂ ಒಂದು. ಬೆಕ್ಕಿನ ಮರಿಯೂ ನೈಸ್, ಹೊಸ ಅಂಗಿಯೂ ನೈಸ್, ಪಾಠ ಹೇಳುವ ಉಪಾಧ್ಯಾಯಿನಿಯೂ ನೈಸ್. ದೊಡ್ಡವರೂ ಇದನ್ನು ಬಿಟ್ಟವರಲ್ಲ. ಬಂಧುಗಳು ಮದುವೆಯ ಚಿತ್ರವನ್ನು ಮೊಬೈಲಿಗೆ ಕಳುಹಿಸಿದರೆ ‘ನೈಸ್’ ಎಂದು ಮರುತ್ತರ. ಹಪ್ಪಳ ಒಣಹಾಕಿದ ಚಿತ್ರಕ್ಕೂ ಅದೇ ಉತ್ತರ. ಇಷ್ಟು ಅಗ್ಗವಾದ ಮಾತಿನಲ್ಲಿ ವಿಚಾರಮಾಡತಕ್ಕದ್ದು ಏನಿದೆಯೆಂದು ವಾಚಕರು ಕೇಳಬಹುದು. ಆದರೆ ಈ ಪದಕ್ಕೆ ‘ಚೆನ್ನಾಗಿರುವ’ ಎಂಬ ಒಂದೇ ಅರ್ಥವನ್ನು ನಂಬಿಕೊಂಡವರು ಮೋಸಹೋಗುವ ಸ್ಥಳಗಳು ಹಲವುಂಟು. ಕೆಲವು ಕಡೆ ಕೈಯ ಹಣವೇ ಹೋಗುವ ಸಂಭವವಿದೆ.

ಜಮೀನಿನ ವ್ಯಾಜ್ಯದಲ್ಲಿ ಕೆಳಗಿನ ಕೋರ್ಟಿನಲ್ಲಿ ಸೋತ ಗೃಹಸ್ಥನೊಬ್ಬನು, ಅಪೀಲು ಮಾಡಬಹುದೇ ಎಂದು ದೊಡ್ಡ ವಕೀಲರೊಬ್ಬರ ಅಭಿಪ್ರಾಯವನ್ನು ಬರೆಯಿಸಿ ತರಿಸಿಕೊಂಡನೆಂದಿಟ್ಟುಕೊಳ್ಳೋಣ. ಇದು ಕಾನೂನಿನ ಒಂದು ‘ನೈಸ್ ಪಾಯಿಂಟ್’ ಎಂದು ಅದರಲ್ಲಿದೆ. ತನ್ನ ಪಕ್ಷವು ಬಲವಾಗಿದೆಯೆಂದೇ ಗೃಹಸ್ಥನು ಬಗೆದು, ಹೆಂಡತಿಗೂ ಹಾಗೆಯೇ ಹೇಳಿ, ಆಕೆಯ ಬಳೆಗಳನ್ನು ಅಡವಿಡಲು ಹೊರಡುತ್ತಾನೆ. ವಕೀಲರು ಹೇಳಿದ್ದು ಅದಲ್ಲ. ಆ ಪ್ರಶ್ನೆಯು ಕೂದಲೆಳೆಯಷ್ಟು ಸೂಕ್ಷ್ಮವಾದುದು, ನ್ಯಾಯಾಧೀಶರ ತೀರ್ಮಾನವು ಯಾವ ಕಡೆಗೆ ವಾಲುವುದೋ ಹೇಳಲಾಗದು, ಎಂಬುದೇ ಅವರ ಮಾತಿನ ತಾತ್ಪರ್ಯ. ಅದು ಧೈರ್ಯ ಕೊಡುವ ಮಾತಲ್ಲ, ಎಚ್ಚರಿಕೆಯ ಮಾತು. ‘ನೈಸ್ ಡಿಸ್ಟಿಂಕ್ಷನ್’ ಎಂಬಲ್ಲಿಯೂ ಇದೇ ಅರ್ಥ: ಅದು ಸೊಗಸಾದ ಭೇದವಲ್ಲ, ಸೂಕ್ಷ್ಮವಾದ ಭೇದ. ಇವು ಹಳೆಯ ಪುಸ್ತಕಗಳಲ್ಲಿ ಧೂಳು ಹಿಡಿದ ಪ್ರಯೋಗಗಳಲ್ಲ. ಇಂದಿಗೂ ತೀರ್ಪುಗಳಲ್ಲಿಯೂ ಗಂಭೀರ ಲೇಖನಗಳಲ್ಲಿಯೂ ಕಂಡುಬರುವಂಥವು.

ಈ ಪದದ ಹುಟ್ಟನ್ನು ಕೇಳಿದರೆ ಇನ್ನಷ್ಟು ಆಶ್ಚರ್ಯವಾಗುವುದು. ಲ್ಯಾಟಿನ್ ಭಾಷೆಯಲ್ಲಿ ‘ನೆಸ್ಕಿಯುಸ್’ ಎಂದರೆ ಅರಿಯದವನು. ‘ಅಲ್ಲ’ ಎಂಬುದಕ್ಕೂ ‘ಅರಿ’ ಎಂಬ ಧಾತುವಿಗೂ ಸಂಧಿಯಾಗಿ ಆದ ಪದವದು. ಹಳೆಯ ಫ್ರೆಂಚಿನ ಮೂಲಕ ಅದು ಸುಮಾರು 1300ರ ವೇಳೆಗೆ ಇಂಗ್ಲಿಷಿಗೆ ಬಂದಿತು. ಬಂದಾಗ ಅದರ ಅರ್ಥ ದಡ್ಡ, ಪೆದ್ದ ಎಂದು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯು ಒಬ್ಬನನ್ನು ‘ನೈಸ್’ ಎಂದರೆ ಅದು ಬೈಗುಳವೇ ಹೊರತು ಹೊಗಳಿಕೆಯಲ್ಲ. ಅಲ್ಲಿಂದ ಮುಂದೆ ಈ ಪದವು ಅಲೆಮಾರಿಯಾಯಿತು. ಬುದ್ಧಿಯಿಲ್ಲದವನು ಎಂಬುದರಿಂದ ಹದ್ದುಮೀರಿ ನಡೆಯುವವನು, ವಿಲಾಸಿ ಎಂದಾಯಿತು. ವಿಲಾಸಿಯಾದವನು ಉಡುಗೆತೊಡುಗೆಗಳಲ್ಲಿ ನಾಜೂಕಿನವನು, ನಾಜೂಕಿನವನು ಮುಟ್ಟಿದ್ದಕ್ಕೆಲ್ಲ ಮೂಗುಮುರಿಯುವವನು. ಹಾಗೆ ಆರಿಸಿ ತೂಗಿ ನೋಡುವವನ ಗುಣವೇ ಸೂಕ್ಷ್ಮತೆ, ಕರಾರುವಾಕ್ಕುತನ. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ ಇದಕ್ಕೆ ಕ್ಷುಲ್ಲಕವಾದದ್ದು ಎಂಬ ಅರ್ಥವೂ ಇದೆ. ಈ ಸರಪಣಿಯ ಕೊಂಡಿಗಳು ನಾನು ಹೇಳಿದಷ್ಟು ಸಾಲಾಗಿ ಕೂಡಿಕೊಂಡವೆಂದು ತಿಳಿಯಬಾರದು. 16 ಮತ್ತು 17ನೆಯ ಶತಮಾನಗಳ ಎಷ್ಟೋ ವಾಕ್ಯಗಳಲ್ಲಿ ಲೇಖಕನ ಮನಸ್ಸಿನಲ್ಲಿದ್ದ ಅರ್ಥ ಯಾವುದೆಂದು ನಿರ್ಧರಿಸುವುದು ಕಷ್ಟವೆಂದು ಆಕ್ಸ್‌ಫರ್ಡ್ ನಿಘಂಟಿನ ಪಂಡಿತರೇ ಒಪ್ಪಿಕೊಂಡಿದ್ದಾರೆ. ಅಂಥ ಹಳೆಯ ಪುಸ್ತಕದಲ್ಲಿ ಕನ್ಯೆಯೊಬ್ಬಳು ಊಟದ ವಿಷಯದಲ್ಲಿ ‘ನೈಸ್’ ಎಂದಿದ್ದರೆ, ಅಡುಗೆಯಲ್ಲಿ ನಿಪುಣೆಯೆಂದು ತಿಳಿಯಬೇಡಿರಿ. ಬಡಿಸಿದ್ದು ಯಾವುದೂ ಆಕೆಗೆ ಹಿಡಿಸದೆಂದು ಅರ್ಥ.

ಪೆದ್ದುತನದಿಂದ ಹೊರಟ ಪದವು ಮೆಚ್ಚುಗೆಗೆ ಬಂದು ನಿಲ್ಲುವುದು ಹೇಗೆಂದು ನಮ್ಮವರು ಅಚ್ಚರಿಪಡಬೇಕಾಗಿಲ್ಲ. ನಮ್ಮ ‘ಮುಗ್ಧ’ ಶಬ್ದವನ್ನೇ ನೋಡಿರಿ. ‘ಮುಹ್’ ಎಂಬ ಸಂಸ್ಕೃತ ಧಾತುವಿನಿಂದ ‘ಮೂಢ’, ‘ಮುಗ್ಧ’ ಎಂಬ ಎರಡೂ ಹುಟ್ಟಿವೆ. ಒಡಹುಟ್ಟಿದವುಗಳಲ್ಲಿ ಒಂದು ಇದ್ದಲ್ಲಿಯೇ ಉಳಿಯಿತು. ಇನ್ನೊಂದು ಅರಿಯದವನು, ಕಪಟವಿಲ್ಲದವನು, ಮನೋಹರನು ಎಂದು ಮೇಲೇರಿತು. ಮುಗ್ಧೆ ಎಂದರೆ ಹಿಗ್ಗುವ ಹುಡುಗಿಯು ಮೂಢೆ ಎಂದರೆ ಸುಮ್ಮನಿರುವಳೇ? ಇಂಗ್ಲಿಷಿನಲ್ಲಿ ‘ಸಿಲ್ಲಿ’ ಎಂಬ ಪದದ ಹಣೆಬರಹ ಇದಕ್ಕೆ ತಿರುಗುಮುರುಗು: ಧನ್ಯ, ಸುಖಿ ಎಂಬಲ್ಲಿಂದ ಹೊರಟು, ಪಾಪದವನು ಎಂಬುದನ್ನು ದಾಟಿ, ಪೆದ್ದನಲ್ಲಿಗೆ ಇಳಿದುಬಂದಿತು.

ಇಂದಿನ ‘ಹಿತವಾದ’ ಎಂಬರ್ಥವು 18ನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೂರಿತು. ಅದು ಎಷ್ಟು ಬೇಗ ಹಬ್ಬಿತೆಂಬುದಕ್ಕೆ ಜೇನ್ ಆಸ್ಟಿನ್ ಎಂಬ ಲೇಖಕಿಯ ‘ನಾರ್ಥ್ಯಾಂಗರ್ ಆಬಿ’ ಕಾದಂಬರಿಯೇ ಸಾಕ್ಷಿ. ಆಕೆಯು 1817ರ ಜುಲೈಯಲ್ಲಿ ತೀರಿಕೊಂಡಮೇಲೆ ಅದೇ ವರ್ಷದ ಕೊನೆಯಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಕ್ಯಾಥರೀನ್ ಎಂಬ ತರುಣಿಯು ಒಂದು ಪುಸ್ತಕವನ್ನು ‘ನೈಸ್’ ಎಂದಳೆಂದು ಹೆನ್ರಿ ಎಂಬ ತರುಣನು ಚೇಷ್ಟೆಮಾಡುತ್ತಾನೆ. ಈ ದಿನವೂ ನೈಸ್, ನಮ್ಮ ತಿರುಗಾಟವೂ ನೈಸ್, ನೀವುಗಳೂ ನೈಸ್ ಎಂದು ಅಣಕಿಸಿ, ಮೊದಲು ಇದಕ್ಕೆ ಅಚ್ಚುಕಟ್ಟು, ನಯನಾಜೂಕು ಎಂಬ ಅರ್ಥವೇ ಇದ್ದಿರಬೇಕೆಂದು ಉಪದೇಶಿಸುತ್ತಾನೆ. ವಿನೋದವೆಂದರೆ, ತಿದ್ದಹೊರಟ ಪಂಡಿತನಿಗೇ ಮೂಲಾರ್ಥವು ಗೊತ್ತಿರಲಿಲ್ಲ. ಅದಕ್ಕೂ ಹಿಂದೆ ‘ದಡ್ಡ’ ಎಂಬುದು ಕುಳಿತಿತ್ತಷ್ಟೆ!

1926ರಲ್ಲಿ ಇಂಗ್ಲಿಷು ಪ್ರಯೋಗಗಳನ್ನು ಕುರಿತು ಕೋಶವನ್ನು ಪ್ರಕಟಿಸಿದ ಫೌಲರ್ ಎಂಬ ವಿದ್ವಾಂಸನು, ಹೆಂಗಸರ ಅತಿಯಾದ ಮೆಚ್ಚಿಕೆಯಿಂದಲೇ ಈ ಪದದ ಸತ್ತ್ವವು ಹೋಯಿತೆಂಬ ಧಾಟಿಯಲ್ಲಿ ಬರೆದನು. ನನಗೆ ಇದು ನ್ಯಾಯವಾಗಿ ತೋರುವುದಿಲ್ಲ. ಯೋಚಿಸಲು ಸೋಮಾರಿತನಪಡುವುದು ಹೆಂಗಸರಿಗೆ ಮಾತ್ರ ಮೀಸಲಾದುದಲ್ಲ. ಹಪ್ಪಳದ ಚಿತ್ರಕ್ಕೆ ‘ನೈಸ್’ ಎಂದು ಬರೆಯುವವರಲ್ಲಿ ಗಂಡಸರೇನೂ ಕಡಮೆಯಿಲ್ಲ.

ಇನ್ನು ಕೆಲವು ಪ್ರಯೋಗಗಳನ್ನು ಬೇಗ ಹೇಳಿಬಿಡುವೆನು. ಕೆಲಸವನ್ನು ಕೆಡಿಸಿಟ್ಟವನಿಗೆ ಆಂಗ್ಲರು ‘ಎ ನೈಸ್ ಮೆಸ್’ ಎಂದರೆ, ಅದು ನಮ್ಮ ‘ಒಳ್ಳೇ ಕೆಲಸ ಮಾಡಿದೆ!’ ಎಂಬ ಕೊಂಕಿನ ಹಾಗೆ. ಕಾಫಿಯು ‘ನೈಸ್ ಅಂಡ್ ಹಾಟ್’ ಎಂದಲ್ಲಿ ಎರಡು ಗುಣಗಳಿಲ್ಲ; ನಾಲಗೆಗೆ ಒಪ್ಪುವಷ್ಟು ಬಿಸಿ ಎಂದಷ್ಟೆ. ಇದೇ ಅಕ್ಷರಗಳಲ್ಲಿ ಬರೆಯುವ ಫ್ರಾನ್ಸಿನ ಕಡಲತೀರದ ನಗರವನ್ನು ‘ನೀಸ್’ ಎಂದು ಓದಬೇಕು. ಅದರ ಹೆಸರು ಗ್ರೀಕಿನಿಂದ ಬಂದುದು, ಈ ಪದಕ್ಕೂ ಅದಕ್ಕೂ ನಂಟಿಲ್ಲ.

ನಮ್ಮ ಮನೆಗಳಿಗೆ ಬಂದಮೇಲೆ ಈ ಪದವು ಆಂಗ್ಲರು ಕಂಡರಿಯದ ಅರ್ಥವನ್ನು ಪಡೆದಿದೆ. ಕನ್ನಡದಲ್ಲಿ ‘ನೈಸು’ ಎಂದರೆ ನುಣುಪು. ಬಟ್ಟೆ ನೈಸು, ನೆಲ ನೈಸು. ಅದರಿಂದಲೇ ಪುಸಲಾಯಿಸುವುದಕ್ಕೆ ‘ನೈಸು ಮಾಡುವುದು’ ಎನ್ನುತ್ತಾರೆ. ಸಾಲಗಾರನು ಹಿತ್ತಲ ಬಾಗಿಲಿನಿಂದ ‘ನೈಸಾಗಿ’ ಜಾರಿಕೊಳ್ಳುತ್ತಾನೆ. ನುಣುಪಿಗೂ ವಿನಯಕ್ಕೂ ಸಲ್ಲುವ ‘ನಯ’ ಎಂಬ ಪದವು ನಮ್ಮಲ್ಲಿ ಮೊದಲೇ ಇದ್ದುದರಿಂದ, ಸದ್ದಿನಲ್ಲಿ ಅದನ್ನು ಹೋಲುವ ಪರಭಾಷೆಯ ಅತಿಥಿಯು ಅದರ ಮಗ್ಗುಲಲ್ಲಿಯೇ ಮಣೆ ಹಾಕಿ ಕುಳಿತಿತೆಂದು ನನ್ನ ಊಹೆ. ದೋಸೆಗೆ ಉದ್ದನ್ನು ನೈಸಾಗಿ ರುಬ್ಬು, ಚಟ್ನಿಯನ್ನು ಮಾತ್ರ ತುಸು ತರಿತರಿಯಾಗಿ ಬಿಡು ಎಂದು ಅತ್ತೆಯು ಹೇಳಿದರೆ, ಇಂಗ್ಲಿಷಿನ ಗಂಧವಿಲ್ಲದ ಸೊಸೆಗೂ ಸಂಶಯವಿರದು. ಇಂಗ್ಲೆಂಡಿನಿಂದ ಬಂದ ಅತಿಥಿಯು ಮಾತ್ರ, ‘ನೈಸ್’ ಎಂಬುದನ್ನು ಕೇಳಿ, ಅಂತೂ ಚೆನ್ನಾಗಿ ರುಬ್ಬಬೇಕೆಂದಷ್ಟೇ ತಿಳಿದು, ಹಿಟ್ಟಿನಲ್ಲಿ ತರಿ ಉಳಿಯಿತೋ ಇಲ್ಲವೋ ಎಂದು ಬೆರಳಿಟ್ಟು ನೋಡದೆಯೇ ಎದ್ದುಬಿಡುವನು.