ನಿಮಗಿದು ಗೊತ್ತೇ? ಒಂದೇ ವ್ಯಾಟಿಗೆ ಮನೆ ತುಂಬ ಹಾಡು!

ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಮನೆಗೆ ಬಂದಾಯಿತು. ಇನ್ನು ಅದಕ್ಕೊಂದು ಆಂಪ್ಲಿಫೈಯರ್ ಬೇಕು. ಬೆಲೆ ಕೈಗೆಟುಕಬೇಕು, ಹಾಡು ಕಿವಿಗೆ ಇಂಪಾಗಬೇಕು. ಅಂಗಡಿಗೆ ಹೋದರೆ ಪ್ರತಿ ಡಬ್ಬದ ಮೇಲೂ ವ್ಯಾಟು, ವ್ಯಾಟು, ವ್ಯಾಟು! ಸ್ವಲ್ಪ ತಡೆಯಿರಿ. ಜೇಬಿಗೆ ಕೈ ಹಾಕುವ ಮೊದಲು ಇಷ್ಟು ಓದಿಬಿಡಿ.

ಮನೆಯಲ್ಲಿ ಹಾಯಾಗಿ ಕೂತು ಹಾಡು ಕೇಳುವಾಗ ನಿಮ್ಮ ಸ್ಪೀಕರ್ ಎಷ್ಟು ವ್ಯಾಟ್ ನುಂಗುತ್ತದೆ? ಐವತ್ತು? ನೂರು? ಊಹೂಂ. ಬಹುಪಾಲು ಹೊತ್ತು ಒಂದು ವ್ಯಾಟಿನ ಆಸುಪಾಸು, ಎಷ್ಟೋ ಸಲ ಅದಕ್ಕಿಂತ ಕಡಿಮೆ! ತಬಲಾದ ಪೆಟ್ಟೋ ಡ್ರಮ್ಮಿನ ಹೊಡೆತವೋ ಬಂದಾಗ ಮಾತ್ರ ಕ್ಷಣಕಾಲ ಹತ್ತಾರು ವ್ಯಾಟ್ ಬೇಕಾಗುತ್ತದೆ.

50 ವ್ಯಾಟಿನ ಆಂಪ್ ಬಿಟ್ಟು 100 ವ್ಯಾಟಿನದು ತಂದರೆ ಸದ್ದು ಎರಡು ಪಟ್ಟಾಗುತ್ತದೆಯೇ? ಇಲ್ಲವೇ ಇಲ್ಲ! ಹೆಚ್ಚುವುದು ಬರೀ 3 ಡೆಸಿಬೆಲ್. ‘ಸ್ವಲ್ಪ ಜೋರಾಯ್ತಲ್ವಾ?’ ಎಂದು ಪಕ್ಕದವರನ್ನು ಕೇಳುವಷ್ಟು, ಅಷ್ಟೇ.

ಹಾಗಾದರೆ ಕಿವಿಗೆ ಸದ್ದು ನಿಜಕ್ಕೂ ಇಮ್ಮಡಿ ಅನಿಸಬೇಕಾದರೆ? ಸುಮಾರು ಹತ್ತು ಪಟ್ಟು ಪವರ್ ಬೇಕು. 10 ವ್ಯಾಟಿನಿಂದ ನೇರ 100ಕ್ಕೆ ಹಾರಬೇಕು. ನಮ್ಮ ಕಿವಿ ಅಷ್ಟು ಸುಲಭಕ್ಕೆ ಮರುಳಾಗುವುದಿಲ್ಲ!

ಆಂಪ್ ಕೊಳ್ಳುವ ಮೊದಲು ಓದಬೇಕಾದ ಅಂಕಿ ಆಂಪ್ ಮೇಲಲ್ಲ, ಸ್ಪೀಕರಿನ ಹಿಂದೆ ಇದೆ! ಅದರ ಹೆಸರು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಸದ್ದು ಎಂಬ ಲೆಕ್ಕ. 84 ಡೆಸಿಬೆಲ್ ಸ್ಪೀಕರಿಗೆ 100 ವ್ಯಾಟ್ ಸುರಿದು ಪಡೆಯುವ ಸದ್ದನ್ನು 90 ಡೆಸಿಬೆಲ್ ಸ್ಪೀಕರ್ 25 ವ್ಯಾಟಿಗೇ ಕೊಟ್ಟುಬಿಡುತ್ತದೆ. ಕಾಲು ಭಾಗ ಪವರ್ ಸಾಕು!

ಆಂಪ್ ಕಳಿಸುವ ವಿದ್ಯುತ್ತಿನಲ್ಲಿ ಎಷ್ಟು ಪಾಲು ಸಂಗೀತವಾಗುತ್ತದೆ ಊಹಿಸಿ. ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರಿನಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ! ಮಿಕ್ಕಿದ್ದೆಲ್ಲ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಅಂದರೆ ನಿಮ್ಮ ಸ್ಪೀಕರ್ ಲೆಕ್ಕದಲ್ಲಿ ಒಂದು ಪುಟಾಣಿ ಹೀಟರ್!

1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದರು. ಅದೇ ಆಕಾಶವಾಣಿ! ಅದರ ಮೊದಲ ಟ್ರಾನ್ಸ್‌ಮಿಟರಿನ ಪವರ್ ಎಷ್ಟಿತ್ತು? 30 ವ್ಯಾಟ್. ಇಂದು ಮೇಜಿನ ಮೇಲೆ ಕೂರುವ ಅಗ್ಗದ ಆಂಪ್ ಡಬ್ಬದ ಮೇಲೂ ಅದಕ್ಕಿಂತ ದೊಡ್ಡ ಅಂಕಿ ಇರುತ್ತದೆ!

ಟೂ-ಇನ್-ಒನ್ ಕಾಲ ನೆನಪಿದೆಯೇ? ಅಂಗೈಯಗಲದ ಸ್ಪೀಕರ್, ಮೇಲೆ ಮಾತ್ರ ಸಾವಿರಾರು ವ್ಯಾಟ್ ‘ಪಿಎಂಪಿಒ’! ಈ ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ತಯಾರಕರು ಬರೆದಿದ್ದೇ ಲೆಕ್ಕ. ನೀವು ಹುಡುಕಬೇಕಾದ್ದು ‘ಆರ್‌ಎಂಎಸ್’ ಅಥವಾ ‘ಕಂಟಿನ್ಯೂಯಸ್’ ಎಂಬ ಪದದ ಪಕ್ಕದ ಅಂಕಿ. ಅದು ಚಿಕ್ಕದಾಗಿದ್ದರೂ ಪ್ರಾಮಾಣಿಕ!

ಈ ವ್ಯಾಟ್ ಬುರುಡೆ ಬರೀ ನಮ್ಮೂರಿನದಲ್ಲ. ಅಮೆರಿಕದಲ್ಲೂ ಇದು ಮಿತಿಮೀರಿ, 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಂಪ್‌ಗಳಿಗೆಂದೇ ನಿಯಮ ತಂದಿತು. ಜಾಹೀರಾತಿನಲ್ಲಿ ವ್ಯಾಟ್ ಬರೆದರೆ, ಅದನ್ನು ಯಾವ ಲೆಕ್ಕದಲ್ಲಿ ಅಳೆದದ್ದು ಎಂದೂ ಹೇಳಬೇಕು. ಹಾಡು ಕೇಳುವ ಡಬ್ಬಕ್ಕೂ ಸರ್ಕಾರದ ಕಾವಲು!

ಅಗ್ಗದ ಆಂಪ್ ನಿಜ ಹೇಳುತ್ತಿದೆಯೇ? ಒಂದೇ ನಿಮಿಷದಲ್ಲಿ ಪತ್ತೆ ಹಚ್ಚಬಹುದು. ಜೊತೆಗೆ ಬರುವ ಅಡಾಪ್ಟರ್ ತಿರುಗಿಸಿ ನೋಡಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿ. 24 ವೋಲ್ಟ್, 4.5 ಆಂಪಿಯರ್ ಎಂದಿದ್ದರೆ ಸಿಕ್ಕಿದ್ದು 108. ಡಬ್ಬದ ಮೇಲೆ ಇನ್ನೂರು ವ್ಯಾಟ್ ಎಂದಿದೆಯೇ? ಬಾವಿಯಲ್ಲಿದ್ದರೆ ತಾನೇ ಕೊಡಕ್ಕೆ ಬರೋದು!

ಅದೇ ಪುಟ್ಟ ಆಂಪಿನ ಅಡಾಪ್ಟರ್ ಬದಲಿಸಿದರೆ ಏನಾಗುತ್ತದೆ ನೋಡಿ. 8 ಓಮ್ ಸ್ಪೀಕರಿಗೆ 12 ವೋಲ್ಟಿನಲ್ಲಿ ಸಿಗುವ ಶುದ್ಧ ಪವರ್ ಹೆಚ್ಚೆಂದರೆ 9 ವ್ಯಾಟ್. 24 ವೋಲ್ಟ್ ಕೊಟ್ಟರೆ 18 ಅಲ್ಲ, 36! ವೋಲ್ಟ್ ಇಮ್ಮಡಿಯಾದರೆ ಪವರ್ ನಾಲ್ಕು ಪಟ್ಟು. ಆದರೆ ಆಂಪ್ ಹಿಂದೆ ಬರೆದಿರುವ ವೋಲ್ಟ್ ಮಿತಿ ಮೀರಬೇಡಿ, ಹಾಡಿನ ಬದಲು ಹೊಗೆ ಬಂದೀತು!

ಒಂದೇ ಆಂಪಿಗೆ ಎರಡೆರಡು ವ್ಯಾಟ್ ಲೆಕ್ಕ! 4 ಓಮಿಗೆ ಇಷ್ಟು, 8 ಓಮಿಗೆ ಅಷ್ಟು ಎಂದು ಬರೆದಿರುತ್ತಾರೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಹೆಚ್ಚಾಗಿ 4 ಓಮಿನದೇ, ಏಕೆಂದರೆ ಅದು ದೊಡ್ಡದು. ನಿಮ್ಮ ಸ್ಪೀಕರ್ 8 ಓಮಿನದಾದರೆ ಸಿಗುವುದು ಸುಮಾರು ಅರ್ಧ!

ಇನ್ನೊಂದು ತಮಾಷೆ. ‘8 ಓಮ್’ ಸ್ಪೀಕರ್ ಸದಾ 8 ಓಮ್ ಆಗಿರುವುದೇ ಇಲ್ಲ! ಸ್ವರ ಏರಿಳಿದಂತೆ ಅದೂ ಏರಿಳಿಯುತ್ತದೆ. ಒಂದು ಸ್ವರಕ್ಕೆ 5 ಓಮಿಗೆ ಜಾರಿದರೆ ಇನ್ನೊಂದಕ್ಕೆ 20 ದಾಟಬಹುದು. ಡಬ್ಬದ ಮೇಲಿರುವುದು ಒಂದು ಅಂದಾಜು ಅಷ್ಟೇ.

ದೊಡ್ಡ ಆಂಪ್ ಸ್ಪೀಕರ್ ಸುಡುತ್ತದೆ ಎಂದು ಹೆದರುತ್ತೀರಾ? ಎಷ್ಟೋ ಸಲ ಸುಡುವುದು ಸಣ್ಣ ಆಂಪ್! ಶಕ್ತಿ ಮೀರಿ ವಾಲ್ಯೂಮ್ ತಿರುಗಿಸಿದಾಗ ಅದು ಧ್ವನಿಯ ಅಲೆಗಳ ತುದಿ ಕತ್ತರಿಸಿ ಚಪ್ಪಟೆ ಮಾಡುತ್ತದೆ. ಆ ಕರ್ಕಶ ಸದ್ದು ಬಡಪಾಯಿ ಟ್ವೀಟರನ್ನು ಬಲಿ ತೆಗೆದುಕೊಳ್ಳುತ್ತದೆ. ಸದ್ದು ಒಡೆದಂತೆ ಕೇಳಿದ ಕೂಡಲೇ ಗುಂಡಿ ಹಿಂದಕ್ಕೆ ತಿರುಗಿಸಿ!

ಒಂದು ಸ್ಪೀಕರಿನ ಕೆಂಪು-ಕಪ್ಪು ವೈರ್ ಅದಲುಬದಲಾದರೆ? ಏನೂ ಸುಡುವುದಿಲ್ಲ, ಹಾಡೂ ನಿಲ್ಲುವುದಿಲ್ಲ. ಆದರೆ ಬೇಸ್ ಮಾಯ! ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ‘ಆಂಪ್ ಸರಿಯಿಲ್ಲ’ ಎಂದು ಬೈಯುವ ಮೊದಲು ವೈರ್ ನೋಡಿ!

ಇಂದಿನ ಆಂಪ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಒಳಗೂ ಇರುವ ಒಂದು ಉಪಾಯ ಹುಟ್ಟಿದ್ದು ಎಲ್ಲಿ ಗೊತ್ತೇ? ನದಿಯ ಮೇಲೆ! 1927ರ ಆಗಸ್ಟ್ 2ರ ಬೆಳಗ್ಗೆ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿ ದಾಟುವ ಫೆರ್ರಿಯಲ್ಲಿ ಕೆಲಸಕ್ಕೆ ಹೊರಟಿದ್ದರು. ಥಟ್ಟನೆ ಹೊಳೆದದ್ದನ್ನು ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಹಾಳೆಯ ಮೇಲೇ ಗೀಚಿದರು. ಅದೇ ನೆಗೆಟಿವ್ ಫೀಡ್‌ಬ್ಯಾಕ್, ಅಪಸ್ವರ ತಗ್ಗಿಸುವ ಮಂತ್ರ. ಪೇಟೆಂಟ್ ಕೈಸೇರಿದ್ದು ಮಾತ್ರ 1937ರಲ್ಲಿ!

ಸ್ಟೀರಿಯೋ ಹುಟ್ಟಿಗೆ ಕಾರಣ ಒಂದು ಸಿನಿಮಾ! 1931ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ತಮ್ಮ ಭಾವಿ ಪತ್ನಿಯೊಂದಿಗೆ ಚಿತ್ರ ನೋಡಲು ಹೋದರು. ನಟ ಪರದೆಯ ಒಂದು ಬದಿಯಲ್ಲಿ, ದನಿ ಇನ್ನೊಂದು ಕಡೆಯಿಂದ! ಇದನ್ನು ಸರಿಮಾಡುತ್ತೇನೆ ಎಂದು ಹೊರಟವರು ಅದೇ ವರ್ಷ ಪೇಟೆಂಟಿಗೆ ಅರ್ಜಿ ಹಾಕಿದರು. ಆಗ ಅವರ ವಯಸ್ಸು 28. ಸ್ಟೀರಿಯೋ ಎಲ್‌ಪಿಗಳು ಅಂಗಡಿಗಳಲ್ಲಿ ತುಂಬಿದ್ದು 1958ರ ಹೊತ್ತಿಗೆ!

ಆಂಪಿನ ಒಳಗಿನ ಸಾಮಾನು ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು! 1960ರ ದಶಕದಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ರೇಡಿಯೊ ವಾಲ್ವ್‌ಗಳನ್ನೂ ಟ್ರಾನ್ಸಿಸ್ಟರ್‌ಗಳನ್ನೂ ಮಾಡುತ್ತಿತ್ತು. ಇಂದಿಗೂ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬರೀ ಆಂಪ್ ಬೋರ್ಡ್ ಕೊಂಡು ಮನೆಯಲ್ಲೇ ಜೋಡಿಸಬಹುದು!

ಅಂಗೈಯಗಲದ ‘ಕ್ಲಾಸ್ ಡಿ’ ಆಂಪ್ ಹೊಸ ಕಾಲದ್ದು ಅಂದುಕೊಂಡಿರಾ? 1964ರಲ್ಲೇ ಬ್ರಿಟನ್ನಿನ ಕ್ಲೈವ್ ಸಿಂಕ್ಲೇರ್ ಅದರ ಕಿಟ್ ಮಾರಿದ್ದರು, ಹೆಸರು ಎಕ್ಸ್-10. ಹೇಳಿಕೊಂಡದ್ದು 10 ವ್ಯಾಟ್, ಸಿಗುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ಆಗಲೂ ಅದೇ ಕಥೆ!

ಕ್ಲಾಸ್ ಡಿ ಆಂಪ್ ಅಷ್ಟು ಚಿಕ್ಕದಾಗಿರಲು ಕಾರಣ, ಅದು ಬಿಸಿಯಾಗುವುದೇ ಕಡಿಮೆ. ಜೋರಾಗಿ ಓಡುವಾಗ ತೆಗೆದುಕೊಂಡ ಕರೆಂಟಿನಲ್ಲಿ ಶೇ 90ರಷ್ಟನ್ನು ಸ್ಪೀಕರಿಗೆ ತಲುಪಿಸುತ್ತದೆ. ಹಳೆಯ ಕ್ಲಾಸ್ ಎ ಆಂಪ್ ಹೇಗಿತ್ತು? ಅರ್ಧಕ್ಕರ್ಧ, ಇಲ್ಲವೇ ಅದಕ್ಕೂ ಹೆಚ್ಚು ಬಿಸಿಗೇ ಸಮರ್ಪಣೆ!

2000ದ ದಶಕದ ಮಧ್ಯದಲ್ಲಿ ಸೋನಿಕ್ ಇಂಪ್ಯಾಕ್ಟ್ ಎಂಬ ಕಂಪನಿಯ ‘ಟಿ-ಆಂಪ್’ ಬಂತು. ಪ್ಲಾಸ್ಟಿಕ್ ಡಬ್ಬ, ಬೆಲೆ ಸುಮಾರು 40 ಡಾಲರ್, ಎಂಟು ಪೆನ್ ಸೆಲ್ ಹಾಕಿದರೆ ಹಾಡು! ದುಬಾರಿ ಆಂಪ್ ಇಟ್ಟುಕೊಂಡವರೂ ಬೆರಗಾದರು. ಒಳಗಿದ್ದುದು ಟ್ರೈಪಾತ್ ಕಂಪನಿಯ ಟಿಎ2024 ಚಿಪ್. 2009ರಲ್ಲಿ ‘ಐಇಇಇ ಸ್ಪೆಕ್ಟ್ರಮ್’ ಪತ್ರಿಕೆ ಜಗತ್ತನ್ನು ನಡುಗಿಸಿದ 25 ಚಿಪ್‌ಗಳ ಪಟ್ಟಿಯಲ್ಲಿ ಅದೇ ಕಂಪನಿಯ ಟಿಎ2020 ಚಿಪ್ಪನ್ನು ಸೇರಿಸಿತು. ಆದರೆ ಅಷ್ಟರೊಳಗೆ ಟ್ರೈಪಾತ್ ಕಂಪನಿಯೇ ದಿವಾಳಿಯಾಗಿತ್ತು!

ಅಗ್ಗದ ಆಂಪ್‌ಗಳ ಹೀರೋ ಯಾರು? 1978ರ ಎನ್‌ಎಡಿ 3020! ನಾರ್ವೆಯ ಬ್ಯೋರ್ನ್ ಎರಿಕ್ ಎಡ್ವರ್ಡ್ಸನ್ ರೂಪಿಸಿದ್ದು. ಅದರ ಮೇಲೆ ಬರೆದಿದ್ದುದು ಬರೀ 20 ವ್ಯಾಟ್. ಆದರೆ ಡ್ರಮ್ಮಿನ ಹೊಡೆತ ಬಂದಾಗ ಕ್ಷಣಕಾಲ ಅದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತಿತ್ತು. ಹೇಳಿದ್ದಕ್ಕಿಂತ ಹೆಚ್ಚು ಕೊಡುವ ಡಬ್ಬವೂ ಇತ್ತು ನೋಡಿ!

ಪುಟ್ಟ ಸ್ಪೀಕರಿನಿಂದ ದಪ್ಪ ಬೇಸ್ ಹೊರಡಿಸಿದ ಗುಟ್ಟು ಯಾವುದು? ಗಾಳಿ! 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. ಅಲ್ಲಿಯವರೆಗೆ ಒಳ್ಳೆಯ ಬೇಸ್ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೇ ಬೇಕಿತ್ತು!

ಯಮಹಾ ಎನ್‌ಎಸ್-10 ಎಂಬ ಬಿಳಿ ಕೋನಿನ ಸ್ಪೀಕರ್ 1978ರಲ್ಲಿ ಮನೆಬಳಕೆಗೆಂದು ಬಂತು. ಮನೆಯವರಿಗೆ ಅಷ್ಟಾಗಿ ಹಿಡಿಸಲಿಲ್ಲ. ರೆಕಾರ್ಡಿಂಗ್ ಸ್ಟುಡಿಯೊಗಳು ಮಾತ್ರ ತಬ್ಬಿಕೊಂಡವು! ಸದ್ದು ತೀರಾ ಚೂಪಾಯಿತೆಂದು ಅವರು ಟ್ವೀಟರ್ ಮೇಲೆ ಟಿಶ್ಯೂ ಪೇಪರ್ ಅಂಟಿಸುತ್ತಿದ್ದರು!

ಬಿಬಿಸಿಯ ಎಲ್‌ಎಸ್3/5ಎ ಸ್ಪೀಕರ್ ಹುಟ್ಟಿದ್ದು ವ್ಯಾನಿಗಾಗಿ! ಹೊರಾಂಗಣ ಪ್ರಸಾರದ ಇಕ್ಕಟ್ಟಿನ ವ್ಯಾನಿನಲ್ಲಿ ಕೂರಬೇಕಲ್ಲ, ಹಾಗಾಗಿ ಎತ್ತರ ಬರೀ ಒಂದಡಿ. ಸೆನ್ಸಿಟಿವಿಟಿ ಕೇವಲ 83 ಡೆಸಿಬೆಲ್ಲಿನ ಆಸುಪಾಸು. ಆದರೂ ಇವತ್ತಿಗೂ ಜನ ಅದನ್ನು ಹುಡುಕಿ ಕೊಳ್ಳುತ್ತಾರೆ!

ರಿಸೀವರ್ ಬೇರೆ, ಆಂಪ್ ಬೇರೆಯೇ? ರಿಸೀವರ್ ಎಂದರೆ ಹೊಟ್ಟೆಯಲ್ಲಿ ರೇಡಿಯೊ ಇಟ್ಟುಕೊಂಡ ಆಂಪ್! ಹೋಮ್ ಥಿಯೇಟರ್ ರಿಸೀವರಿನಲ್ಲಿ ಏಳು ಚಾನೆಲ್ ಇದ್ದರೂ, ಡಬ್ಬದ ಮೇಲಿನ ವ್ಯಾಟ್ ಎಷ್ಟೋ ಸಲ ಒಂದೋ ಎರಡೋ ಚಾನೆಲ್ ಓಡಿಸಿ ಅಳೆದದ್ದು. ಎರಡೇ ಸ್ಪೀಕರಿರುವ ನಿಮಗೆ ಉಳಿದ ಐದು ಚಾನೆಲ್ಲಿಗೆ ದುಡ್ಡು ಏಕೆ?

ಗ್ರಾಮಫೋನ್ ತಟ್ಟೆ ಹಾಕುವ ಆಸೆಯೇ? ಟರ್ನ್‌ಟೇಬಲಿನ ಸೂಜಿ ಕೊಡುವುದು ಸುಮಾರು 5 ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್. ನಾನೂರು ಪಟ್ಟು ವ್ಯತ್ಯಾಸ! ಅದಕ್ಕೇ ಆಂಪ್ ಹಿಂದೆ ‘ಫೋನೋ’ ಎಂಬ ತೂತು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಹಾಡು ಪಿಸುಮಾತು!

ಹಳೆಯ ಆಂಪ್‌ಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಏಕಿತ್ತು? ವಾಲ್ಯೂಮ್ ತಗ್ಗಿಸಿದಾಗ ನಮ್ಮ ಕಿವಿಗೆ ಮೊದಲು ಮರೆಯಾಗುವುದು ಬೇಸ್! ಫ್ಲೆಚರ್ ಮತ್ತು ಮುನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಮಕ್ಕಳು ಮಲಗಿದ ಮೇಲೆ ಹಾಡು ಕೇಳುವವರಿಗೆ ಈ ಗುಂಡಿ ವರ!

ಬೇಸ್ ಇನ್ನೂ ಬೇಕೇ? ಸ್ಪೀಕರನ್ನು ಗೋಡೆಯ ಹತ್ತಿರ ಸರಿಸಿ, ತಾನಾಗಿ ಹೆಚ್ಚುತ್ತದೆ. ಮೂಲೆಗೆ ತಳ್ಳಿದರೆ ಇನ್ನೂ ಹೆಚ್ಚು! ಅತಿಯಾಗಿ ಗುಂಯ್‌ಗುಟ್ಟಿದರೆ ಒಂದು ಗೇಣು ಮುಂದಕ್ಕೆ ತನ್ನಿ.

ಕೊನೆಯದಾಗಿ, ಅಂಗಡಿಯವರು ಹೇಳದ ಒಂದು ಅಪ್‌ಗ್ರೇಡ್. ಬಯಲಿನಲ್ಲಿ ಸ್ಪೀಕರಿನಿಂದ ನಿಮ್ಮ ದೂರ ಅರ್ಧವಾದರೆ ಸದ್ದು 6 ಡೆಸಿಬೆಲ್ ಏರುತ್ತದೆ. ಅಂದರೆ ಆಂಪಿನ ಪವರ್ ನಾಲ್ಕು ಪಟ್ಟು ಮಾಡಿದಷ್ಟು! ಗೋಡೆಗಳ ನಡುವೆ ಅಷ್ಟು ಸಿಗದಿದ್ದರೂ ಒಳ್ಳೆಯ ಪಾಲು ಸಿಗುತ್ತದೆ. ಕುರ್ಚಿ ಮುಂದಕ್ಕೆ ಎಳೆದುಕೊಳ್ಳಿ. ಖರ್ಚು? ಸೊನ್ನೆ ರೂಪಾಯಿ!